17 ದಿನಗಳ ಲೆಕ್ಕ: 1973ರಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರಿಗೆ ತಪ್ಪಿದ ಹುದ್ದೆ

ನಾಲ್ಕು ಜನರ ಹುಟ್ಟಿದ ತಾರೀಕಿನಿಂದ ಶುರು ಮಾಡುತ್ತೇನೆ. ಜೆ.ಎಂ. ಶೆಲತ್ ಹುಟ್ಟಿದ್ದು 1908ರ ಜುಲೈ 16ರಂದು. ಕೆ.ಎಸ್. ಹೆಗ್ಡೆ 1909ರ ಜೂನ್ 11ರಂದು. ಎ.ಎನ್. ರೇ 1912ರ ಜನವರಿ 29ರಂದು. ಎ.ಎನ್. ಗ್ರೋವರ್ ಅದೇ ವರ್ಷ ಫೆಬ್ರವರಿ 15ರಂದು. 1973ರ ಏಪ್ರಿಲ್‌ನಲ್ಲಿ ಈ ನಾಲ್ವರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು. ಸೇವೆಯ ಹಿರಿತನದಲ್ಲಿ ಶೆಲತ್ ಮೊದಲು, ಅವರ ಹಿಂದೆ ಹೆಗ್ಡೆ, ಆಮೇಲೆ ಗ್ರೋವರ್, ಅವರ ನಂತರ ರೇ.

ಸುಪ್ರೀಂ ಕೋರ್ಟಿನಲ್ಲಿ ನಿವೃತ್ತಿ ವಯಸ್ಸು 65. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಏಪ್ರಿಲ್ 25ಕ್ಕೆ ನಿವೃತ್ತರಾಗುವವರಿದ್ದರು. ಸೇವೆಯಲ್ಲಿ ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗುವ ಎಂದಿನ ಪದ್ಧತಿಯಂತೆ ನಡೆದಿದ್ದರೆ ಶೆಲತ್ ಜುಲೈವರೆಗೆ ಆ ಹುದ್ದೆಯಲ್ಲಿ ಇರುತ್ತಿದ್ದರು. ಅವರ ನಂತರ ಹೆಗ್ಡೆ, ಸುಮಾರು 11 ತಿಂಗಳು, 1974ರ ಜೂನ್‌ವರೆಗೆ. ಅಲ್ಲಿಂದ ಗ್ರೋವರ್, 1977ರ ಫೆಬ್ರವರಿವರೆಗೆ. ರೇ ಸುಪ್ರೀಂ ಕೋರ್ಟಿಗೆ ಬಂದಿದ್ದು ಗ್ರೋವರ್ ಅವರಿಗಿಂತ ತಡವಾಗಿ. ಆದರೆ ವಯಸ್ಸಿನಲ್ಲಿ 17 ದಿನ ದೊಡ್ಡವರು. ಹಾಗಾಗಿ ಗ್ರೋವರ್ ಕುರ್ಚಿ ಬಿಡುವ ಮೊದಲೇ ರೇ ನಿವೃತ್ತರಾಗುತ್ತಿದ್ದರು. ಮುಖ್ಯ ನ್ಯಾಯಮೂರ್ತಿಯಾಗುವ ದಾರಿಯೇ ಅವರಿಗೆ ಇರಲಿಲ್ಲ.

1973ರ ಏಪ್ರಿಲ್ 26ರಂದು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿ ಪ್ರಮಾಣವಚನ ತೆಗೆದುಕೊಂಡವರು ಎ.ಎನ್. ರೇ. ಏಪ್ರಿಲ್ 30ಕ್ಕೆ ಹೆಗ್ಡೆಯವರು ಕೋರ್ಟು ಬಿಟ್ಟು ಹೊರಬಂದಿದ್ದರು.

ನಮ್ಮ ಕರಾವಳಿಯ ಹಳ್ಳಿಯೊಂದರಿಂದ ಹೋದ ಮನುಷ್ಯನ ಬದುಕಿನ ಆ ಒಂದು ವಾರವನ್ನು ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ. ಒಬ್ಬರಿಗೆ ಬಡ್ತಿ ತಪ್ಪಿತು ಎಂದಷ್ಟೇ ಇದನ್ನು ಓದಿದರೆ ವಿಷಯ ಕೈಗೆ ಸಿಗುವುದಿಲ್ಲ.

ಕೌಡೂರಿನಿಂದ ದೆಹಲಿಗೆ

ಕೌಡೂರು ಸದಾನಂದ ಹೆಗ್ಡೆಯವರ ಊರು ಕಾರ್ಕಳ ತಾಲ್ಲೂಕಿನ ಕೌಡೂರು. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಓದಿದ್ದು ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಲಾ ಕಾಲೇಜಿನಲ್ಲಿ. 1933ರಲ್ಲಿ ವಕೀಲಿಕೆ ಶುರು ಮಾಡಿದರು. 1947ರಿಂದ 1951ರವರೆಗೆ ಸರ್ಕಾರಿ ವಕೀಲರಾಗಿ ಕೆಲಸ ಮಾಡಿದರು.

ಇಲ್ಲಿಂದ ಮುಂದಿನದು ಸ್ವಲ್ಪ ಬೇರೆ ದಾರಿ. 1952ರಲ್ಲಿ ಅವರು ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದರು. 1954ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಹೋದ ಭಾರತದ ತಂಡದಲ್ಲೂ ಇದ್ದರು. 1957ರಲ್ಲಿ ಸಂಸತ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಆಳುವ ಪಕ್ಷದ ಬೆಂಚಿನಿಂದ ನೇರವಾಗಿ ಹೈಕೋರ್ಟಿನ ಪೀಠಕ್ಕೆ! ಇಂದು ಯಾರಾದರೂ ಹೀಗೆ ಬಂದರೆ ನಾವೆಲ್ಲ ಹುಬ್ಬೇರಿಸುತ್ತೇವೆ. ಹುಬ್ಬೇರಿಸುವುದು ತಪ್ಪೂ ಅಲ್ಲ. ಹೆಗ್ಡೆಯವರ ಬಗ್ಗೆ ಗೌರವ ಇರುವವರೂ ಈ ಮಾತನ್ನು ಮುಚ್ಚಿಡಬಾರದು. ಅವರನ್ನು ಪೀಠಕ್ಕೆ ತಂದದ್ದು ಸರ್ಕಾರವೇ, ಅದೂ ಅವರದೇ ಪಕ್ಷದ ಸರ್ಕಾರ.

1966ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಹುಟ್ಟಿತು. ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಇವರೇ. ವರ್ಷ ತುಂಬುವ ಮೊದಲೇ, 1967ರ ಜುಲೈ 17ರಂದು, ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕೂತದ್ದು ಆರು ವರ್ಷಕ್ಕೂ ಕಡಿಮೆ.

ಕೂತದ್ದು ಸ್ವಲ್ಪ ಕಾಲವಾದರೂ ಬರೆದದ್ದು ಉಳಿದಿದೆ. ತೆರಿಗೆ ವಕೀಲರನ್ನು ಕೇಳಿ ನೋಡಿ. 1973ರ ಜನವರಿಯಲ್ಲಿ ವೆಜಿಟೆಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಅವರು ಬರೆದ ಮಾತು ಇವತ್ತಿಗೂ ವಾದದಲ್ಲಿ ಬರುತ್ತದೆ. ದಂಡ ಹಾಕುವ ತೆರಿಗೆ ನಿಯಮ ಎರಡು ಅರ್ಥಕ್ಕೆ ಎಡೆ ಕೊಡುತ್ತಿದ್ದರೆ ತೆರಿಗೆ ಕಟ್ಟುವವನಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು ಎಂಬುದು ಅದರ ಸಾರ. ಆದರೆ ಅವರ ತೀರ್ಪುಗಳಲ್ಲಿ ನನ್ನನ್ನು ತುಂಬಾ ಹಿಡಿದು ನಿಲ್ಲಿಸಿದ್ದು 1969ರ ಕ್ರೈಪಾಕ್ ಪ್ರಕರಣ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕು ವರ್ಷದ ನಂತರ ಅವರ ಬದುಕಿನಲ್ಲಿ ನಡೆದದ್ದನ್ನು ಅಳೆಯುವ ಕೋಲು ಅದರಲ್ಲೇ ಇದೆ.

ಕ್ರೈಪಾಕ್: ತಕ್ಕಡಿ ಹಿಡಿದವನೇ ತೂಗಿಸಿಕೊಂಡರೆ

ಭಾರತೀಯ ಅರಣ್ಯ ಸೇವೆ ಹೊಸದಾಗಿ ಶುರುವಾಗಿತ್ತು. ಜಮ್ಮು ಕಾಶ್ಮೀರದ ಅರಣ್ಯ ಅಧಿಕಾರಿಗಳಿಂದ ಆ ಸೇವೆಗೆ ಜನರನ್ನು ಆರಿಸಲು ಒಂದು ಆಯ್ಕೆ ಮಂಡಳಿ ಮಾಡಿದರು. ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಅದರ ಸದಸ್ಯ. ಆಯ್ಕೆಗೆ ನಿಂತ ಅಭ್ಯರ್ಥಿಗಳಲ್ಲೂ ಅವರು ಒಬ್ಬರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಕೂರಲಿಲ್ಲ. ಆದರೆ ತಮ್ಮ ಜೊತೆ ಪೈಪೋಟಿಗೆ ನಿಂತವರ ಹೆಸರು ಬಂದಾಗ ಕೂತಿದ್ದರು. ಯೋಗ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುವಾಗಲೂ ಇದ್ದರು. ಪೈಪೋಟಿಯಲ್ಲಿದ್ದ ಒಬ್ಬ ಅಧಿಕಾರಿ ಸೇವೆಯಲ್ಲಿ ಅವರಿಗಿಂತ ಹಿರಿಯರು. ಆ ಹಿರಿಯರನ್ನು ದಾಟಿಯೇ ಇವರಿಗೆ ಹಂಗಾಮಿ ಹುದ್ದೆ ಸಿಕ್ಕಿತ್ತು. ಅದರ ಮೇಲೆ ಆ ಹಿರಿಯರ ಮನವಿ ಇನ್ನೂ ಬಾಕಿ ಇತ್ತು. ಕೊನೆಗೆ ಬಂದ ಪಟ್ಟಿಯಲ್ಲಿ ಇವರ ಹೆಸರೇ ಮೇಲೆ. ಆ ಹಿರಿಯರ ಹೆಸರು ಇರಲೇ ಇಲ್ಲ.

ಸರ್ಕಾರ ಎರಡು ಮಾತು ಹೇಳಿತು. ಇದು ಆಡಳಿತದ ಕೆಲಸ, ನ್ಯಾಯ ತೀರ್ಮಾನ ಅಲ್ಲ, ಹಾಗಾಗಿ ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು ಎಂಬಂಥ ಸಹಜ ನ್ಯಾಯದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ ಎನ್ನುವುದು ಮೊದಲನೆಯದು. ತಮ್ಮ ಮೇಲೆ ಆ ಅಧಿಕಾರಿಯ ಪ್ರಭಾವ ಬಿದ್ದಿಲ್ಲ ಎಂದು ಉಳಿದ ಸದಸ್ಯರೇ ಪ್ರಮಾಣಪತ್ರ ಕೊಟ್ಟಿದ್ದಾರೆ ಎನ್ನುವುದು ಎರಡನೆಯದು.

ಐವರ ಪೀಠದ ಪರವಾಗಿ ಹೆಗ್ಡೆಯವರು ತೀರ್ಪು ಬರೆದರು. ಆಡಳಿತದ ಕೆಲಸಕ್ಕೂ ನ್ಯಾಯ ತೀರ್ಮಾನದಂಥ ಕೆಲಸಕ್ಕೂ ನಡುವಿನ ಗೆರೆ ತೆಳ್ಳಗಾಗುತ್ತಾ ಬಂದಿದೆ, ಅಳಿಸಿಹೋಗುವ ಹಂತಕ್ಕೆ ಬಂದಿದೆ ಎಂದರು. ಸಹಜ ನ್ಯಾಯದ ಗುರಿ ಅನ್ಯಾಯ ಆಗದಂತೆ ತಡೆಯುವುದು. ಆ ಗುರಿ ಕೋರ್ಟಿಗೆ ಮಾತ್ರ ಸಾಕು, ಕಚೇರಿಗೆ ಬೇಡ ಎಂದರೆ ಹೇಗೆ? ಪ್ರಭಾವದ ಮಾತಿಗೂ ಉತ್ತರ ಕೊಟ್ಟರು. ಒಬ್ಬ ಮನುಷ್ಯನ ಮನಸ್ಸಿನಲ್ಲಿ ಪಕ್ಷಪಾತ ಇತ್ತೇ ಎಂದು ಸಾಬೀತು ಮಾಡುವುದು ಕಷ್ಟ. ಪಕ್ಷಪಾತ ನುಸುಳಿರಬಹುದು ಎಂದು ನಂಬಲು ತಕ್ಕ ಕಾರಣ ಇದೆಯೇ ಎಂದು ನೋಡಬೇಕು. ಗುಂಪಾಗಿ ಕೂತು ಮಾಡುವ ತೀರ್ಮಾನದಲ್ಲಿ ಒಬ್ಬರ ಅಭಿಪ್ರಾಯ ಮತ್ತೊಬ್ಬರಿಗೆ ತಾಗದೆ ಇರುವುದಿಲ್ಲ, ಅದು ಗೊತ್ತೇ ಆಗದ ಹಾಗೆ ಒಳಗೆ ಇಳಿದಿರುತ್ತದೆ. ಇಡೀ ಪಟ್ಟಿ ರದ್ದಾಯಿತು.

ಇವತ್ತು ಶಾಲೆಯ ಶಿಕ್ಷಕರ ಆಯ್ಕೆ ಇರಲಿ, ಸಹಕಾರ ಸಂಘದ ನೇಮಕ ಇರಲಿ, 'ಆಯ್ಕೆ ಸಮಿತಿಯಲ್ಲಿ ಅಭ್ಯರ್ಥಿಯ ಕಡೆಯವರು ಕೂತಿದ್ದರು' ಎಂದು ಯಾರಾದರೂ ಕೋರ್ಟಿಗೆ ಹೋದರೆ ವಕೀಲರು ಮೊದಲು ತೆಗೆಯುವುದು ಕ್ರೈಪಾಕ್ ತೀರ್ಪನ್ನೇ. ಹೆಗ್ಡೆಯವರ ದೊಡ್ಡ ಆಸ್ತಿ ಇದು ಎಂಬುದು ನನ್ನ ಲೆಕ್ಕ. ಮುಂದೆ ಹೇಳಲಿರುವ 1973ರ ಕೇಶವಾನಂದ ಭಾರತಿ ತೀರ್ಪಿನ ಯಶಸ್ಸು ಏಳು ಜನರಿಗೆ ಹಂಚಿಹೋಗಿದೆ. ಇದು ಅವರದೇ ಬರಹ.

ಸರ್ಕಾರಕ್ಕೆ ಏಕೆ ಕಸಿವಿಸಿ

1970ರಲ್ಲಿ ಎರಡು ದೊಡ್ಡ ಪ್ರಕರಣಗಳಲ್ಲಿ ಇಂದಿರಾ ಗಾಂಧಿ ಸರ್ಕಾರ ಸೋತಿತು. ಬ್ಯಾಂಕ್ ರಾಷ್ಟ್ರೀಕರಣದ ಕಾನೂನು ಬಿದ್ದದ್ದು 10-1ರಲ್ಲಿ. ಸರ್ಕಾರದ ಪರ ನಿಂತ ಆ ಒಬ್ಬರು ನ್ಯಾಯಮೂರ್ತಿ ರೇ. ಹಳೆಯ ಸಂಸ್ಥಾನಗಳ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ರದ್ದು ಮಾಡಿದ ಆದೇಶ ಬಿದ್ದದ್ದು 9-2ರಲ್ಲಿ. ಅಲ್ಲೂ ರೇ ಸರ್ಕಾರದ ಪರ ಇದ್ದ ಇಬ್ಬರಲ್ಲಿ ಒಬ್ಬರು. ಹೆಗ್ಡೆಯವರು ಎರಡರಲ್ಲೂ ಬಹುಮತದ ಕಡೆ ಇದ್ದರು. ರೇ ಪ್ರಾಮಾಣಿಕವಾಗಿ ಹಾಗೆ ನಂಬಿರಬಹುದು. ಭಿನ್ನಮತ ಬರೆಯುವುದು ತಪ್ಪಲ್ಲ, ಅದಕ್ಕೆ ಧೈರ್ಯವೂ ಬೇಕು. ಆದರೆ ಯಾರು ಯಾವ ಕಡೆ ಎಂದು ಸರ್ಕಾರ ಲೆಕ್ಕ ಇಡತೊಡಗಿದ್ದು ಈ ಹೊತ್ತಿನಿಂದ ಎಂದು ನನಗನ್ನಿಸುತ್ತದೆ.

ಇನ್ನೊಂದು ಪ್ರಕರಣ ಅಷ್ಟು ಸದ್ದು ಮಾಡಲಿಲ್ಲ. 1971ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ರಾಜ್ ನಾರಾಯಣ್ ಅವರು ಪ್ರಧಾನಿಯ ಗೆಲುವಿನ ವಿರುದ್ಧ ಅಲಹಾಬಾದ್ ಹೈಕೋರ್ಟಿಗೆ ಹೋಗಿದ್ದರು. ಅರ್ಜಿಯ ಕೆಲವು ಮುಖ್ಯ ಅಂಶಗಳ ವಿಚಾರದಲ್ಲಿ ಹೈಕೋರ್ಟ್ ಅವರ ದಾರಿ ಮುಚ್ಚಿತ್ತು. ಇಂದಿರಾ ಗಾಂಧಿ ಯಾವ ದಿನದಿಂದ ಅಭ್ಯರ್ಥಿ ಎಂದು ಲೆಕ್ಕ, ಅವರಿಗಾಗಿ ಕೆಲಸ ಮಾಡಿದ ಯಶಪಾಲ್ ಕಪೂರ್ ಆ ದಿನ ಇನ್ನೂ ಸರ್ಕಾರಿ ನೌಕರರಾಗಿದ್ದರೇ, ಇಂಥ ಪ್ರಶ್ನೆಗಳು. 1972ರಲ್ಲಿ ಹೆಗ್ಡೆ, ಜಗನ್‌ಮೋಹನ್ ರೆಡ್ಡಿ, ಮ್ಯಾಥ್ಯೂ ಇದ್ದ ಪೀಠ ಆ ದಾರಿ ತೆರೆಯಿತು. 1975ರ ಜೂನ್ 12ರಂದು ಅಲಹಾಬಾದಿನಲ್ಲಿ ಪ್ರಧಾನಿಯ ಆಯ್ಕೆ ರದ್ದಾದಾಗ ಇದೇ ಅಂಶಗಳು ಮುಖ್ಯವಾದವು. ತಮ್ಮನ್ನು ದಾಟಿ ಹೋದದ್ದಕ್ಕೆ ಈ ತೀರ್ಪೂ ಒಂದು ಕಾರಣ ಎಂದು ಹೆಗ್ಡೆಯವರೇ ರಾಜೀನಾಮೆಯ ನಂತರ ಹೇಳಿದರು. ಅದು ಅವರ ಮಾತು, ಸಾಬೀತಾದ ಸಂಗತಿ ಅಲ್ಲ. ಆದರೂ ಅವರದೇ ಕ್ರೈಪಾಕ್ ಅಳತೆಗೋಲು ಇಟ್ಟು ನೋಡಿ. ತನ್ನ ಚುನಾವಣಾ ಅರ್ಜಿಯಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿಯ ಮುಂದಿನ ಹುದ್ದೆಯನ್ನು ಅದೇ ಪ್ರಧಾನಿಯ ಸರ್ಕಾರ ತೀರ್ಮಾನಿಸುತ್ತದೆ. ಅರ್ಜಿ ಇನ್ನೂ ಬಾಕಿ ಇದೆ. ನಂಬಲು ತಕ್ಕ ಕಾರಣ ಇಲ್ಲ ಎಂದು ಹೇಗೆ ಹೇಳುವುದು?

ಎಡನೀರಿನ ಅರ್ಜಿ

ಕಾಸರಗೋಡಿನ ಎಡನೀರು ಮಠ ಕನ್ನಡಿಗರಿಗೆ ಯಕ್ಷಗಾನ, ಸಂಗೀತದಿಂದಲೂ ಪರಿಚಿತ. ಅದರ ಸ್ವಾಮೀಜಿ ಕೇಶವಾನಂದ ಭಾರತಿಯವರು ಕೇರಳದ ಭೂ ಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆ ಎಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1956ರವರೆಗೆ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಂದರೆ ಅರ್ಜಿದಾರರೂ ತೀರ್ಪು ಬರೆದ 13 ಜನರಲ್ಲಿ ಒಬ್ಬರೂ ಒಂದೇ ಹಳೆಯ ಜಿಲ್ಲೆಯವರು.

ಜಮೀನಿನ ಜಗಳ ನೋಡನೋಡುತ್ತಲೇ ದೊಡ್ಡ ಪ್ರಶ್ನೆಯಾಗಿ ಬೆಳೆಯಿತು. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು? ಏನು ಬೇಕಾದರೂ ತಿದ್ದಬಹುದೇ? 13 ನ್ಯಾಯಮೂರ್ತಿಗಳ ಪೀಠ 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ 68 ದಿನ ವಾದ ಕೇಳಿತು. ಅರ್ಜಿದಾರರ ಪರ ನಾನಿ ಪಾಲ್ಖಿವಾಲಾ, ಕೇರಳದ ಪರ ಎಚ್.ಎಂ. ಸೀರ್ವಾಯಿ, ಕೇಂದ್ರದ ಪರ ಅಟಾರ್ನಿ ಜನರಲ್ ನಿರೇನ್ ಡೇ.

ಏಪ್ರಿಲ್ 24ರಂದು ಬಂದ ತೀರ್ಪು 7-6. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಏಳು ಜನರಲ್ಲಿ ಸಿಕ್ರಿ, ಶೆಲತ್, ಹೆಗ್ಡೆ, ಗ್ರೋವರ್ ಇದ್ದರು. ಆರು ಜನರ ಕಡೆ ರೇ ಇದ್ದರು. ಒಂದೇ ಒಂದು ಮತ ಆಚೆ ಹೋಗಿದ್ದರೆ ದೇಶದ ಕಥೆ ಬೇರೆಯೇ.

ಹೆಗ್ಡೆಯವರು ಎ.ಕೆ. ಮುಖರ್ಜಿಯವರ ಜೊತೆ ಸೇರಿ ಒಂದೇ ತೀರ್ಪು ಬರೆದರು. ದೇಶದ ಸಾರ್ವಭೌಮತೆ, ಪ್ರಜಾಪ್ರಭುತ್ವ, ದೇಶದ ಏಕತೆ, ವ್ಯಕ್ತಿಯ ಸ್ವಾತಂತ್ರ್ಯದ ಮುಖ್ಯ ಅಂಶಗಳು ಇವನ್ನು ಮುಟ್ಟುವಂತಿಲ್ಲ ಎಂದರು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಲ್ಯಾಣ ರಾಜ್ಯವನ್ನೂ ಸಮಾನ ಸಮಾಜವನ್ನೂ ಕಟ್ಟಬೇಕು ಎಂಬ ಸಂವಿಧಾನದ ಆದೇಶವನ್ನು ಕೂಡ ಸಂಸತ್ತು ತೆಗೆದುಹಾಕುವಂತಿಲ್ಲ ಎಂದು ಸೇರಿಸಿದರು. 'ಇವರೆಲ್ಲ ಆಸ್ತಿವಂತರ ಪರ' ಎಂದು ಆಗ ಹೇಳುತ್ತಿದ್ದವರು ಈ ಸಾಲನ್ನು ಓದಲೇ ಇಲ್ಲವೇನೋ.

ಭೂಮಿಯ ವಿಷಯದಲ್ಲಿ ನನ್ನ ಮನಸ್ಸು ಎಲ್ಲಿದೆ ಎಂದೂ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಗೇಣಿ ಕೊಟ್ಟು ಕೊಟ್ಟು ಸೋತ ಮನೆಗಳಿಗೆ ಭೂ ಸುಧಾರಣೆ ಎಂದರೆ ಬದುಕೇ ತಿರುಗಿದ ಹಾಗೆ. ಅದು ಬರಲೇಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಕೇಶವಾನಂದ ತೀರ್ಪು ಅದನ್ನು ತಡೆಯಲೂ ಇಲ್ಲ. ಕೇರಳದ ಕಾನೂನಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟ್ ಉಳಿಸಿತು. ಗೇಣಿದಾರನಿಗೆ ಜಮೀನು ಸಿಗಲಿ ಎನ್ನುವವರು ನ್ಯಾಯಮೂರ್ತಿಯ ಕೈ ಕಟ್ಟಬಾರದು ಎಂದೂ ಹೇಳಬಹುದು. ಎರಡಕ್ಕೂ ಜಗಳ ಇಲ್ಲ, ಅಲ್ವಾ?

ಎರಡೇ ದಿನ

ತೀರ್ಪು ಬಂದದ್ದು ಮಂಗಳವಾರ. ಬುಧವಾರ ಸಿಕ್ರಿಯವರ ಕೊನೆಯ ದಿನ. ಅವತ್ತೇ ಮುಂದಿನ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಎಂಬ ಪ್ರಕಟಣೆ ಹೊರಬಿತ್ತು. ಗುರುವಾರ ಪ್ರಮಾಣವಚನ. ಏಳು ಜನರ ಗುಂಪಿನಲ್ಲಿದ್ದ ಮೂವರು ಹಿರಿಯರನ್ನು ದಾಟಿ, ಆರು ಜನರ ಗುಂಪಿನ ಹಿರಿಯರಿಗೆ ಹುದ್ದೆ ಕೊಟ್ಟಿದ್ದರು.

ಅದಕ್ಕೂ ಮೊದಲು ಇಂಥ ಪ್ರಯತ್ನದ ಮಾತು ಬಂದಿರಲಿಲ್ಲ ಎಂದಲ್ಲ. 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಕನಿಯಾ ತೀರಿಕೊಂಡಾಗ ಹಿರಿಯರಾದ ಪತಂಜಲಿ ಶಾಸ್ತ್ರಿಯವರನ್ನು ಬಿಟ್ಟು ಬೇರೆಯವರನ್ನು ತರುವ ಯೋಚನೆ ಇತ್ತು. ಉಳಿದ ನ್ಯಾಯಮೂರ್ತಿಗಳು ರಾಜೀನಾಮೆಗೆ ಸಿದ್ಧರಾದರು, ಯೋಚನೆ ಅಲ್ಲಿಗೇ ನಿಂತಿತು. 1964ರಲ್ಲಿ ಒಬ್ಬ ಹಿರಿಯರನ್ನು ಬಿಟ್ಟದ್ದುಂಟು, ಅದು ಅವರ ಆರೋಗ್ಯ ತೀರಾ ಕೆಟ್ಟಿದ್ದರಿಂದ. ತೀರ್ಪಿನ ಮರುದಿನವೇ, ತೀರ್ಪು ಬರೆದವರನ್ನೇ ಬಿಟ್ಟು ನೇಮಿಸಿದ್ದು 1973ರಲ್ಲೇ ಮೊದಲು.

ಸರ್ಕಾರದ ವಾದವನ್ನೂ ಸರಿಯಾಗಿ ಕೇಳೋಣ. ಲೋಕಸಭೆಯಲ್ಲಿ ಅದನ್ನು ಗಟ್ಟಿಯಾಗಿ ಮಂಡಿಸಿದವರು ಉಕ್ಕು ಮತ್ತು ಗಣಿ ಸಚಿವ ಮೋಹನ್ ಕುಮಾರಮಂಗಲಂ, ಸ್ವತಃ ಒಳ್ಳೆಯ ವಕೀಲರು. ಸಂವಿಧಾನದ 124ನೇ ವಿಧಿಯಲ್ಲಿ ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗಬೇಕು ಎಂದು ಎಲ್ಲೂ ಬರೆದಿಲ್ಲ. ಇದು ನಿಜ. 1958ರಲ್ಲಿ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಬರೀ ಸೀನಿಯಾರಿಟಿ ನೋಡಿ ಮುಖ್ಯ ನ್ಯಾಯಮೂರ್ತಿಯನ್ನು ಮಾಡಬೇಡಿ ಎಂದಿತ್ತು. ಇದೂ ನಿಜ. ಕೆಲವೇ ವಾರ ಹುದ್ದೆಯಲ್ಲಿರುವ ಮುಖ್ಯ ನ್ಯಾಯಮೂರ್ತಿಗಳಿಂದ ಕೋರ್ಟಿಗೆ ಏನು ಲಾಭ? ಒಪ್ಪಬೇಕಾದ ಪ್ರಶ್ನೆಯೇ. ಶೆಲತ್ ಅವರಿಗೆ ಉಳಿದದ್ದು ಮೂರು ತಿಂಗಳೂ ಇಲ್ಲ.

ಆದರೆ ಕುಮಾರಮಂಗಲಂ ಅಲ್ಲಿಗೆ ನಿಲ್ಲಲಿಲ್ಲ. ನ್ಯಾಯಮೂರ್ತಿಯ ಮೂಲ ವಿಚಾರಧಾರೆ ಏನು, ಬದುಕನ್ನು ಅವರು ಹೇಗೆ ನೋಡುತ್ತಾರೆ ಎಂದು ಗಮನಿಸುವ ಹಕ್ಕು ಸರ್ಕಾರಕ್ಕಿದೆ ಎಂದರು. ವಾದ ಜಾರಿದ್ದು ಇಲ್ಲೇ. ಸರ್ಕಾರದ ವಿರುದ್ಧ ಬರುವ ಅರ್ಜಿಗಳನ್ನು ಕೇಳಬೇಕಾದವರ ಮನಸ್ಸು ಸರ್ಕಾರದ ಮನಸ್ಸಿಗೆ ಹೊಂದಬೇಕು ಎಂದರೆ ಅದು ಪಂಚಾಯ್ತಿಗೆ ಮೊದಲೇ ತೀರ್ಮಾನ ಬರೆದಿಟ್ಟ ಹಾಗೆ. 14ನೇ ವರದಿ ಕೊಟ್ಟ ಆಯೋಗದ ಅಧ್ಯಕ್ಷರಾಗಿದ್ದ ಎಂ.ಸಿ. ಸೆಟಲ್ವಾಡ್ ಆಗ ಇನ್ನೂ ಬದುಕಿದ್ದರು. ಬಾಂಬೆ ಹೈಕೋರ್ಟಿನ ಹಿಂದಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ, ಪಾಲ್ಖಿವಾಲಾ, ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಇವರ ಜೊತೆ ಸೇರಿ ಈ ನೇಮಕವನ್ನು ಖಂಡಿಸಿದರು. ವರದಿಯಲ್ಲಿ ಕೇಳಿದ್ದು ಯೋಗ್ಯತೆ ಮತ್ತು ಸ್ವತಂತ್ರ ಮನಸ್ಸು. ಆ ವರದಿಯನ್ನೇ ಹಿಡಿದು ಅದಕ್ಕೆ ಉಲ್ಟಾ ಕೆಲಸ ಮಾಡಿದರು ಎಂಬ ನೋವು ಅವರದಾಗಿರಬೇಕು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹೇಳಿದ್ದರ ಸಾರ ಹೀಗೆ: ಮುನ್ನೋಟ ಇರುವ ನ್ಯಾಯಮೂರ್ತಿಗಳು ಇದರಿಂದ ಹುಟ್ಟುವುದಿಲ್ಲ, ಮುಂದೆ ಯಾವ ಹುದ್ದೆ ಸಿಗುತ್ತದೆ ಎಂದು ನೋಡುವ ನ್ಯಾಯಮೂರ್ತಿಗಳು ಹುಟ್ಟುತ್ತಾರೆ.

ಇದ್ದು ನೋಡಬಹುದಿತ್ತೇ?

ಹೆಗ್ಡೆಯವರ ಮುಂದೆ ಇದ್ದ ದಾರಿಗಳನ್ನು ಯೋಚಿಸಿ. ಅವರಿಗೆ ಆಗ 63 ವರ್ಷ. ಇನ್ನು 13 ತಿಂಗಳು ಸುಮ್ನೆ ಕೂತಿದ್ದರೆ ಸೇವೆ ಪೂರ್ತಿಯಾಗುತ್ತಿತ್ತು. ಸಂಬಳ, ಮನೆ, ಗೌರವ ಎಲ್ಲ ಇರುತ್ತಿತ್ತು. ರಾಜೀನಾಮೆ ಕೊಟ್ಟು ಹಳೆಯ ವೃತ್ತಿಗೆ ಮರಳುವ ಹಾಗೂ ಇರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ಆಮೇಲೆ ದೇಶದ ಯಾವ ಕೋರ್ಟಿನಲ್ಲೂ ವಾದ ಮಾಡುವಂತಿಲ್ಲ.

ಅವರು ಬಿಟ್ಟರು. ಶೆಲತ್ ಮತ್ತು ಗ್ರೋವರ್ ಕೂಡ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಹೊರಗೆ ಬಂದು ಬಹಿರಂಗವಾಗಿ ಮಾತಾಡಿದರು.

ಅದು ಸರಿಯಾದ ತೀರ್ಮಾನವೇ? ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿದೆ. ಒಂದು ಕಡೆ ನೋಡಿದರೆ ಅವರು ಉಳಿದಿದ್ದರೆ ಅಪಮಾನವನ್ನು ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಜನರಿಗೆ ಏನೋ ದೊಡ್ಡದು ಮುರಿದಿದೆ ಎಂದು ಗೊತ್ತಾಗಿದ್ದೇ ಮೂರು ಖಾಲಿ ಕುರ್ಚಿಗಳಿಂದ. ಇನ್ನೊಂದು ಕಡೆ ಆ ಏಳು ಜನರ ಲೆಕ್ಕ ಇದೆ. ಸಿಕ್ರಿ ನಿವೃತ್ತರಾದರು. ಮೂವರು ಬಿಟ್ಟರು. ಮುಖರ್ಜಿ ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಜಗನ್‌ಮೋಹನ್ ರೆಡ್ಡಿ 1975ರ ಜನವರಿಯಲ್ಲಿ ನಿವೃತ್ತರಾದರು. ಉಳಿದವರು ಎಚ್.ಆರ್. ಖನ್ನಾ ಒಬ್ಬರೇ.

1975ರ ನವೆಂಬರ್‌ನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಮುಖ್ಯ ನ್ಯಾಯಮೂರ್ತಿ ರೇ ಮತ್ತೆ 13 ಜನರ ಪೀಠ ಕೂರಿಸಿ ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ಹೊರಟರು. ಆ 13 ಜನರಲ್ಲಿ ಹಳೆಯ ಏಳು ಜನರ ಪೈಕಿ ಇದ್ದವರು ಖನ್ನಾ ಮಾತ್ರ. ಪಾಲ್ಖಿವಾಲಾ ಎದ್ದು ನಿಂತು ವಾದಿಸಿದರು. ಮರುಪರಿಶೀಲನೆ ಕೇಳಿದ್ದು ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲ. ಮೂರನೆಯ ದಿನಕ್ಕೆ ಪೀಠ ವಿಸರ್ಜನೆಯಾಯಿತು. ಕೂದಲೆಳೆಯಲ್ಲಿ ಉಳಿಯಿತು ಎನ್ನಬಹುದು.

ಹೆಗ್ಡೆಯವರು ರಾಜೀನಾಮೆ ಕೊಡದಿದ್ದರೂ 1974ರಲ್ಲಿ ನಿವೃತ್ತರಾಗಿ ಈ ಪೀಠದಲ್ಲಿ ಇರುತ್ತಿರಲಿಲ್ಲ. ಇರುತ್ತಿದ್ದವರು ಗ್ರೋವರ್. ಆದ್ದರಿಂದ ಹೆಗ್ಡೆಯವರ ರಾಜೀನಾಮೆಯಿಂದ ಕೋರ್ಟಿಗಾದ ನಷ್ಟ 13 ತಿಂಗಳದು. ಅವರು ಹೊರಗಿನಿಂದ ಮಾಡಿದ್ದು ಅದಕ್ಕಿಂತ ಜಾಸ್ತಿ ಎಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಗ್ರೋವರ್ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ.

ಬೆಲೆ ಎಷ್ಟು ಎಂದು ಗೊತ್ತಾದ ಮೇಲೆ

1976ರ ಏಪ್ರಿಲ್ 28ರ ಜಬಲ್‌ಪುರ ಪ್ರಕರಣ ಎಲ್ಲರಿಗೂ ಗೊತ್ತಿರುವಂಥದ್ದು. ತುರ್ತು ಪರಿಸ್ಥಿತಿಯಲ್ಲಿ ಕಾನೂನಿಗೆ ವಿರುದ್ಧವಾಗಿ ಜೈಲಿಗೆ ಹಾಕಿದರೂ ಪ್ರಜೆ ಕೋರ್ಟಿಗೆ ಹೋಗುವಂತಿಲ್ಲ ಎಂದು 4-1ರ ತೀರ್ಪು. ರೇ, ಬೇಗ್, ಚಂದ್ರಚೂಡ್, ಭಗವತಿ ಒಂದು ಕಡೆ. ಖನ್ನಾ ಒಬ್ಬರೇ ಇನ್ನೊಂದು ಕಡೆ.

1973ರಲ್ಲಿ ಆ ನೇಮಕ ಆಗದಿದ್ದರೆ ಈ ತೀರ್ಪೂ ಬರುತ್ತಿರಲಿಲ್ಲ ಎಂದು ಹಲವರು ಹೇಳುತ್ತಾರೆ. ಆ ಮಾತು ಸುಲಭ. ಲೆಕ್ಕ ಹಾಕಿ ನೋಡಿದರೆ ಅಷ್ಟು ಸುಲಭ ಅಲ್ಲ. ಆ ಪೀಠದಲ್ಲಿ ಕೂತದ್ದು ಆಗಿನ ಐವರು ಹಿರಿಯರು. ಗ್ರೋವರ್ ಇದ್ದಿದ್ದರೆ ಅವರು ಸೇರಿ ಭಗವತಿ ಹೊರಗೆ ಉಳಿಯುತ್ತಿದ್ದರು. ಗ್ರೋವರ್ ಖನ್ನಾ ಜೊತೆ ನಿಂತರೂ ರೇ, ಬೇಗ್, ಚಂದ್ರಚೂಡ್ ಸೇರಿ 3-2. ತಲೆ ಎಣಿಸಿದರೆ ಸರ್ಕಾರವೇ ಗೆಲ್ಲುತ್ತಿತ್ತು.

1973 ಮಾಡಿದ ಕೆಡುಕು ತಲೆಯೆಣಿಕೆಯಲ್ಲಿ ಕಾಣಿಸುವುದಿಲ್ಲ. ತೀರ್ಪು ಬರೆಯುವ ಮೊದಲು ಖನ್ನಾ ತಮ್ಮ ತಂಗಿಗೆ ಒಂದು ಮಾತು ಹೇಳಿದ್ದರು. ಈ ತೀರ್ಪಿನಿಂದ ತಮಗೆ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪುತ್ತದೆ ಎಂದು. 1973ರ ಏಪ್ರಿಲ್ 24ರಂದು ಸಹಿ ಹಾಕುವಾಗ ಹೆಗ್ಡೆಯವರಿಗೆ ಬೆಲೆ ಎಷ್ಟೆಂದು ಯಾರೂ ಲೆಕ್ಕ ಕೊಟ್ಟಿರಲಿಲ್ಲ. ಮೂರು ವರ್ಷದ ನಂತರ ಖನ್ನಾಗೆ ಅದು ಪೈಸೆ ಪೈಸೆಯೂ ಗೊತ್ತಿತ್ತು. ಅದೇ ಪೀಠದ ಉಳಿದ ನಾಲ್ವರಿಗೂ ಗೊತ್ತಿತ್ತು. 1977ರ ಜನವರಿಯಲ್ಲಿ ರೇ ನಿವೃತ್ತರಾದಾಗ ಖನ್ನಾರನ್ನು ಬಿಟ್ಟು ಬೇಗ್ ಅವರನ್ನು ನೇಮಿಸಿದರು. ಖನ್ನಾ ಕೂಡ ರಾಜೀನಾಮೆ ಕೊಟ್ಟರು.

ಆ ಜಬಲ್‌ಪುರ ತೀರ್ಪು ಪೂರ್ತಿ ಬಿದ್ದದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮತ್ತೆ ಸಂಸತ್ತಿಗೆ

ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತು ಕೆಂಗಲ್ ಹನುಮಂತಯ್ಯನವರನ್ನು ಸೋಲಿಸಿದರು. ಉತ್ತರ ಭಾರತದಲ್ಲಿ ಜನತಾ ಅಲೆ ಎದ್ದಿತ್ತು, ಕರ್ನಾಟಕದಲ್ಲಿ ಇರಲಿಲ್ಲ. ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್‌ಗೆ ಹೋದವು. ಜನತಾ ಗೆದ್ದ ಎರಡರಲ್ಲಿ ಇದೊಂದು. ಜುಲೈ 21ರಂದು ಅವರು ಲೋಕಸಭೆಯ ಸ್ಪೀಕರ್ ಆದರು. ಸಂವಿಧಾನದ 44ನೇ ತಿದ್ದುಪಡಿ ಬಂದದ್ದು ಅವರು ಆ ಪೀಠದಲ್ಲಿದ್ದಾಗ. ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿ ಮುಚ್ಚುವಂತಿಲ್ಲ ಎಂದು ಅದರಿಂದ ಬರವಣಿಗೆಗೆ ಬಂತು.

1978ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಬಂದಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಹೊರಹಾಕಿದಾಗಲೂ ಸ್ಪೀಕರ್ ಇವರೇ. ತೀರ್ಮಾನ ಸದನದ್ದು, ಸ್ಪೀಕರ್ ಒಬ್ಬರದ್ದಲ್ಲ. ಆದರೂ ಆ ದಿನ ಬೇರೆ ಯಾರಾದರೂ ಪೀಠದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಕ್ರೈಪಾಕ್ ತೀರ್ಪು ಬರೆದವರ ಬಗ್ಗೆ ಈ ಮಾತು ಹೇಳಲೇಬೇಕು. ನಿಷ್ಪಕ್ಷಪಾತ ಇದ್ದರೆ ಸಾಲದು, ಸಂಶಯಕ್ಕೂ ಜಾಗ ಇರಬಾರದು ಎಂದು ನಮಗೆ ಕಲಿಸಿದ್ದು ಅವರೇ.

ಆಮೇಲೆ ಕೆಲವು ವರ್ಷ ಬಿಜೆಪಿಯ ಉಪಾಧ್ಯಕ್ಷರಾಗಿದ್ದರು. 1979ರಲ್ಲಿ ಊರಿನ ಹತ್ತಿರ ನಿಟ್ಟೆಯ ವಿದ್ಯಾಸಂಸ್ಥೆಗೆ ಟ್ರಸ್ಟ್ ಕಟ್ಟಿದರು. ದೇರಳಕಟ್ಟೆಯ ಆಸ್ಪತ್ರೆಗೆ ಇಂದು ಅವರ ಹೆಸರಿದೆ. ಮಂಗಳೂರಿನ ಕಡೆ 'ಕೆ.ಎಸ್. ಹೆಗ್ಡೆ' ಎಂದರೆ ಜನರಿಗೆ ಮೊದಲು ನೆನಪಾಗುವುದು ಆ ಆಸ್ಪತ್ರೆ. 1990ರ ಮೇ 24ರಂದು ಅವರು ತೀರಿಕೊಂಡರು. ಮಗ ಸಂತೋಷ್ ಹೆಗ್ಡೆ 1999ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಆಮೇಲೆ ನಮ್ಮ ಲೋಕಾಯುಕ್ತರಾಗಿ ಗಣಿ ವರದಿ ಕೊಟ್ಟದ್ದು ಕನ್ನಡಿಗರಿಗೆ ನೆನಪಿರುತ್ತದೆ.

ಹಿರಿತನದ ಸಾಲು

1978ರಲ್ಲಿ ಬೇಗ್ ನಿವೃತ್ತರಾದಾಗ ಹಿರಿಯರಾಗಿ ಉಳಿದವರು ವೈ.ವಿ. ಚಂದ್ರಚೂಡ್. ಜಬಲ್‌ಪುರ ತೀರ್ಪಿಗೆ ಸಹಿ ಹಾಕಿದವರು. ಅವರನ್ನು ಮಾಡಬೇಡಿ ಎಂದು ಕೆಲವು ವಕೀಲರು ಗಟ್ಟಿಯಾಗಿ ಕೇಳಿಕೊಂಡರು. ಜನತಾ ಸರ್ಕಾರ ಹಿರಿತನವನ್ನೇ ಹಿಡಿಯಿತು. ತಮಗೆ ಇಷ್ಟವಿಲ್ಲದ ತೀರ್ಪು ಕೊಟ್ಟವರಿಗೂ ಅದೇ ಪದ್ಧತಿ. 1973ಕ್ಕೆ ಸಿಕ್ಕ ಒಳ್ಳೆಯ ಉತ್ತರ ಇದೇ ಎಂದು ನಾನು ತಿಳಿದಿದ್ದೇನೆ. ಅಲ್ಲಿಂದ ಈಚೆಗೆ ಆ ಹುದ್ದೆಯ ವಿಷಯದಲ್ಲಿ ಹಿರಿತನದ ಸಾಲನ್ನು ಯಾರೂ ಮುರಿದಿಲ್ಲ. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವೂ ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗಬೇಕು ಎಂಬ ಪದ್ಧತಿಯನ್ನು ಎತ್ತಿ ಹಿಡಿಯಿತು.

ಈ ಪದ್ಧತಿಯಲ್ಲಿ ಕೊರತೆ ಇಲ್ಲ ಎಂದಲ್ಲ. ಕೆಲವರಿಗೆ ವಾರಗಳಷ್ಟೇ ಸಿಗುತ್ತವೆ. ಇನ್ನೂ ಉತ್ತಮರು ವಯಸ್ಸಿನ ಲೆಕ್ಕದಲ್ಲಿ ಹಿಂದೆ ಬೀಳುತ್ತಾರೆ. ಆದರೆ ಹುಟ್ಟಿದ ತಾರೀಕಿಗೆ ಯಾರೂ ಲಂಚ ಕೊಡಲಾಗುವುದಿಲ್ಲ, ಅದನ್ನು ಯಾರೂ ಹೆದರಿಸಲೂ ಆಗುವುದಿಲ್ಲ.

1973ರ ಜುಲೈಯಲ್ಲಿ ಹೆಗ್ಡೆಯವರಿಗೆ ಬರಬೇಕಿದ್ದ ಕುರ್ಚಿಗೆ ನಮ್ಮ ಹೈಕೋರ್ಟಿನಿಂದ ಹೋದ ಇ.ಎಸ್. ವೆಂಕಟರಾಮಯ್ಯ ಬಂದದ್ದು 1989ರ ಜೂನ್‌ನಲ್ಲಿ, 16 ವರ್ಷ ತಡವಾಗಿ. ಅವರ ಮಗಳು ಬಿ.ವಿ. ನಾಗರತ್ನ ಈಗ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಅವರು ಹುಟ್ಟಿದ್ದು 1962ರ ಅಕ್ಟೋಬರ್ 30ರಂದು. ಸಾಲು ಹೀಗೇ ನಡೆದರೆ 2027ರ ಸೆಪ್ಟೆಂಬರ್‌ನಲ್ಲಿ ಅವರು ಆ ಹುದ್ದೆಗೆ ಬರುತ್ತಾರೆ, ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗಿ. ಅವರಿಗೆ ಸಿಗುವುದು ಸುಮಾರು 36 ದಿನ.